ಗಡಿ ಮುಚ್ಚುವ ವಾದ: 2014ರ ಎಬೋಲಾ ಕಲಿಸಿದ್ದು, ಕಲಿಸದೆ ಬಿಟ್ಟದ್ದು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಕೊನೆಯಲ್ಲಿ ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಪೀಠಿಕೆ ಬೇಡ, ನೇರವಾಗಿ 2014ರ ಅಕ್ಟೋಬರ್‌ಗೆ ಹೋಗೋಣ. ಆ ತಿಂಗಳು ಅಮೆರಿಕದಲ್ಲಿ ಯಾವ ಸುದ್ದಿವಾಹಿನಿ ಹಾಕಿದರೂ ಒಂದೇ ಕೂಗು: ಪಶ್ಚಿಮ ಆಫ್ರಿಕಾದಿಂದ ಬರುವ ವಿಮಾನಗಳನ್ನು ನಿಲ್ಲಿಸಿ. ಇದರಲ್ಲೊಂದು ತಮಾಷೆಯಿತ್ತು. ಎಬೋಲಾ ಹಬ್ಬಿದ್ದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಈ ಮೂರೂ ದೇಶಗಳಿಂದ ಅಮೆರಿಕಕ್ಕೆ ಆಗ ನೇರ ವಿಮಾನವೇ ಇರಲಿಲ್ಲ. ಜನ ಬ್ರಸೆಲ್ಸ್‌ಗೋ ಕಾಸಾಬ್ಲಾಂಕಾಕ್ಕೋ ಹೋಗಿ, ಅಲ್ಲಿ ವಿಮಾನ ಬದಲಿಸಿ ಬರುತ್ತಿದ್ದರು. ಹಾಗಾಗಿ ನಿಜವಾದ ಬೇಡಿಕೆ ವಿಮಾನದ್ದಲ್ಲ, ಮನುಷ್ಯರದ್ದು. ಆ ಮೂರು ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಕೊಡಬೇಡಿ, ಇತ್ತೀಚೆಗೆ ಅಲ್ಲಿದ್ದವರನ್ನು ಒಳಗೆ ಬಿಡಬೇಡಿ ಎಂಬುದು. ಬಹುಪಾಲು ಜನ ಇದರ ಪರವಾಗಿದ್ದಾರೆಂದು ಆಗಿನ ಜನಮತ ಸಮೀಕ್ಷೆಗಳು ಹೇಳಿದವು. ಆರೋಗ್ಯ ತಜ್ಞರಲ್ಲಿ ಬಹುಪಾಲು ಜನ ವಿರುದ್ಧವಾಗಿದ್ದರು.

ಇವತ್ತು ನನ್ನ ವಾದ ಇಷ್ಟು: 2014ರಲ್ಲಿ ನಿರ್ಬಂಧ ಬೇಡವೆಂದ ತಜ್ಞರ ತೀರ್ಮಾನ ಸರಿಯಾಗಿತ್ತು. ಆದರೆ ಅದನ್ನು ಸಮರ್ಥಿಸಿಕೊಳ್ಳುವ ಭರದಲ್ಲಿ ಅವರು ಅಗತ್ಯಕ್ಕಿಂತ ದೊಡ್ಡ ಮಾತು ಆಡಿದರು. ಆ ದೊಡ್ಡ ಮಾತಿನ ಬಾಕಿಯನ್ನು 2020ರಲ್ಲಿ ಎಲ್ಲರೂ ತೀರಿಸಬೇಕಾಯಿತು.

ಮೊದಲು ನಡೆದದ್ದೇನು ಎಂದು ನೋಡೋಣ. ಗಿನಿಯ ದಕ್ಷಿಣದ ಕಾಡಿನಂಚಿನಲ್ಲಿ ಮೆಲಿಯಾಂಡು ಎಂಬ ಹಳ್ಳಿ. 2013ರ ಡಿಸೆಂಬರ್‌ನಲ್ಲಿ ಅಲ್ಲೊಂದು ಎಳೆಯ ಮಗು ಸತ್ತಿತು. ಈ ಮಹಾಪಿಡುಗಿನ ಮೊದಲ ಪ್ರಕರಣ ಅದೇ ಎಂದು ಆಮೇಲೆ ಗುರುತಿಸಲಾಯಿತು. ಕಾಯಿಲೆ ಎಬೋಲಾ ಎಂದು ಜಗತ್ತಿಗೆ ತಿಳಿದದ್ದು 2014ರ ಮಾರ್ಚ್ ಕೊನೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿದ್ದು ಆಗಸ್ಟ್ 8ಕ್ಕೆ. ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಆ ವಿಳಂಬಕ್ಕೆ ಸಂಸ್ಥೆ ಕಟುಟೀಕೆ ಎದುರಿಸಿತು, ಎದುರಿಸಬೇಕಾದದ್ದೇ. ಎಲ್ಲ ಮುಗಿಯುವ ಹೊತ್ತಿಗೆ ಮೂರು ದೇಶಗಳಲ್ಲಿ 28,600ಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂದು 11,300ಕ್ಕೂ ಹೆಚ್ಚು ಜನ ಸತ್ತಿದ್ದರು.

ತುರ್ತುಸ್ಥಿತಿ ಘೋಷಿಸಿದ ದಿನವೇ ಸಂಸ್ಥೆ ಸಲಹೆಯನ್ನೂ ಕೊಟ್ಟಿತು. ಸಾರಾಸಗಟಾಗಿ ಪ್ರಯಾಣವನ್ನಾಗಲಿ ವ್ಯಾಪಾರವನ್ನಾಗಲಿ ನಿಷೇಧಿಸಬೇಡಿ. ಸೋಂಕಿತರು ಮತ್ತು ಅವರ ಸಂಪರ್ಕಕ್ಕೆ ಬಂದವರು ಮಾತ್ರ ಪ್ರಯಾಣಿಸಕೂಡದು. ದೇಶ ಬಿಡುವವರನ್ನು ವಿಮಾನ ನಿಲ್ದಾಣ, ಬಂದರು, ಗಡಿಗಳಲ್ಲಿ ತಪಾಸಣೆ ಮಾಡಿ. ಈ ಸಲಹೆಯನ್ನು ಮೀರಿ ನಲವತ್ತಕ್ಕೂ ಹೆಚ್ಚು ದೇಶಗಳು ತಮ್ಮದೇ ನಿರ್ಬಂಧ ಹಾಕಿಕೊಂಡವು. ಅಕ್ಟೋಬರ್ ಕೊನೆಯಲ್ಲಿ ಆಸ್ಟ್ರೇಲಿಯಾ, ಅದರ ಬೆನ್ನಿಗೇ ಕೆನಡಾ ವೀಸಾ ನಿಲ್ಲಿಸಿದವು. ಆ ಹೊತ್ತಿಗೆ ಈ ಎರಡೂ ದೇಶಗಳಲ್ಲಿ ಒಬ್ಬೇ ಒಬ್ಬ ಎಬೋಲಾ ರೋಗಿ ಇರಲಿಲ್ಲ. ರೋಗಿ ಪತ್ತೆಯಾಗಿದ್ದ ಅಮೆರಿಕ ವೀಸಾ ನಿಲ್ಲಿಸಲಿಲ್ಲ.

ಅಮೆರಿಕದ ರೋಗಿ ಲೈಬೀರಿಯಾದ ಒಬ್ಬ ಪ್ರಯಾಣಿಕ. ಸೆಪ್ಟೆಂಬರ್ 19ಕ್ಕೆ ಅಲ್ಲಿನ ರಾಜಧಾನಿ ಮೊನ್ರೋವಿಯಾದಿಂದ ಹೊರಟು ಬ್ರಸೆಲ್ಸ್, ವಾಷಿಂಗ್ಟನ್ ದಾಟಿ ಮರುದಿನ ಟೆಕ್ಸಸ್‌ನ ಡಲ್ಲಾಸ್ ತಲುಪಿದರು. ಹೊರಡುವಾಗ ಜ್ವರ ನೋಡಿದರು, ಇರಲಿಲ್ಲ. ಎಬೋಲಾ ರೋಗಿಯ ಸಂಪರ್ಕಕ್ಕೆ ಬಂದಿದ್ದೀರಾ ಎಂಬ ಪ್ರಶ್ನೆಗೆ ಇಲ್ಲ ಎಂದು ಬರೆದುಕೊಟ್ಟಿದ್ದರು. ನಾಲ್ಕೈದು ದಿನ ಬಿಟ್ಟು ಜ್ವರ ಬಂತು. ಸೆಪ್ಟೆಂಬರ್ 25ರ ರಾತ್ರಿ ಆಸ್ಪತ್ರೆಗೆ ಹೋದರೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. 28ಕ್ಕೆ ಆಂಬುಲೆನ್ಸ್‌ನಲ್ಲಿ ಮತ್ತೆ ಬಂದರು. 30ಕ್ಕೆ ಎಬೋಲಾ ಎಂದು ಖಚಿತವಾಯಿತು. ಅಕ್ಟೋಬರ್ 8ಕ್ಕೆ ತೀರಿಕೊಂಡರು.

ಈಗ ಎರಡೂ ಕಡೆಯವರ ಮಾತು ಕೇಳಿ. ನಿರ್ಬಂಧ ಬೇಕೆಂದವರ ತರ್ಕ ಸರಳ: ಆತನನ್ನು ವಿಮಾನ ಹತ್ತಲು ಬಿಡದಿದ್ದರೆ ಡಲ್ಲಾಸ್‌ನಲ್ಲಿ ಏನೂ ಆಗುತ್ತಿರಲಿಲ್ಲ. ಇದನ್ನು ಮೂರ್ಖತನ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಅಸಹನೆ. ಆ ಒಂದು ಪ್ರಕರಣದ ಮಟ್ಟಿಗೆ ಅದು ನಿಜವೇ. ವಿರೋಧಿಸಿದವರ ತರ್ಕವನ್ನು ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಕೇಂದ್ರದ ಮುಖ್ಯಸ್ಥ ಟಾಮ್ ಫ್ರೀಡನ್ ಅಕ್ಟೋಬರ್ 16ರಂದು ಸಂಸತ್ ಸಮಿತಿಯ ಮುಂದೆ ಬಿಡಿಸಿಟ್ಟರು. ಈಗ ಯಾರು ಎಲ್ಲಿಂದ ಬರುತ್ತಾರೆಂಬುದು ನಮಗೆ ಗೊತ್ತಿದೆ. ಬಾಗಿಲು ಹಾಕಿದರೆ ಅವರು ಬರುವುದನ್ನು ಬಿಡುವುದಿಲ್ಲ, ಭೂಮಾರ್ಗದಲ್ಲಿ ಇನ್ನೊಂದು ದೇಶಕ್ಕೆ ಹೋಗಿ ಅಲ್ಲಿಂದ ಬರುತ್ತಾರೆ. ಆಗ ಜ್ವರ ನೋಡುವುದಕ್ಕೂ ಆಗುವುದಿಲ್ಲ, 21 ದಿನ ಬೆನ್ನುಹತ್ತಿ ವಿಚಾರಿಸುವುದಕ್ಕೂ ಆಗುವುದಿಲ್ಲ. ಅಧ್ಯಕ್ಷ ಒಬಾಮಾ ಈ ವಾದಕ್ಕೇ ಅಂಟಿಕೊಂಡರು. ಸ್ಪೀಕರ್ ಜಾನ್ ಬೇನರ್ ಮೊದಲಾದ ರಿಪಬ್ಲಿಕನ್ ನಾಯಕರು ನಿರ್ಬಂಧದ ಕಡೆ ವಾಲಿದರು. ನವೆಂಬರ್ 4ಕ್ಕೆ, ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ ಚುನಾವಣೆ ಇತ್ತೆಂಬುದನ್ನು ಮರೆಯಬೇಡಿ. ಮತದಾನ ಮುಗಿದ ಮೇಲೆ ಟಿವಿಯಲ್ಲಿ ಎಬೋಲಾ ಸುದ್ದಿ ಎಷ್ಟು ಬೇಗ ಇಳಿಯಿತೆಂದರೆ, ಕಾಯಿಲೆ ಅಮೆರಿಕಕ್ಕೆ ಬಂದದ್ದು ಮತ ಹಾಕುವುದಕ್ಕೇ ಇರಬೇಕು ಅನ್ನಿಸುವಂತಿತ್ತು.

ಜ್ವರ ನೋಡುವ ಯಂತ್ರದ ಬಗ್ಗೆ ಎರಡು ಮಾತು. ಎಬೋಲಾ ಮೈಸೇರಿದ ಮೇಲೆ ಲಕ್ಷಣ ಕಾಣಲು 2ರಿಂದ 21 ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಆತ ಇನ್ನೊಬ್ಬರಿಗೆ ಅಂಟಿಸುವುದಿಲ್ಲ, ಥರ್ಮಾಮೀಟರ್‌ಗೆ ಸಿಕ್ಕಿಬೀಳುವುದೂ ಇಲ್ಲ. ಆ ಮೂರು ದೇಶಗಳ ವಿಮಾನ ನಿಲ್ದಾಣಗಳಲ್ಲಿ ಎರಡು ತಿಂಗಳಲ್ಲಿ ಸುಮಾರು 36,000 ಜನರನ್ನು ತಪಾಸಣೆ ಮಾಡಿ 77 ಜನರನ್ನು ತಡೆದರು. ಅವರಲ್ಲಿ ಯಾರಿಗೂ ಎಬೋಲಾ ಇದ್ದದ್ದು ಕಂಡುಬರಲಿಲ್ಲ; ಅನೇಕರಿಗೆ ಇದ್ದದ್ದು ಮಲೇರಿಯಾ. ಹಾಗಾದರೆ ತಪಾಸಣೆ ದಂಡವೇ? ನನಗೆ ಹಾಗನ್ನಿಸುವುದಿಲ್ಲ. ಜ್ವರ ಬಂದವನು ವಿಮಾನ ನಿಲ್ದಾಣಕ್ಕೆ ಬರುವ ಗೋಜಿಗೇ ಹೋಗದಂತೆ ಅದು ತಡೆದಿರಬಹುದು. ಆದರೆ ಅದರ ಮುಖ್ಯ ಕೆಲಸ ಬೇರೆ: ಪಕ್ಕದ ದೇಶಗಳಿಗೂ ವಿಮಾನ ಕಂಪನಿಗಳಿಗೂ ಧೈರ್ಯ ಕೊಟ್ಟು ಹಾರಾಟ ಉಳಿಸಿಕೊಳ್ಳುವುದು.

ಹಾರಾಟ ಯಾಕೆ ಅಷ್ಟು ಮುಖ್ಯ? ಲೈಬೀರಿಯಾದಲ್ಲಿ, ಸಿಯೆರಾ ಲಿಯೋನ್‌ನಲ್ಲಿ ಲಕ್ಷ ಜನರಿಗೆ ಒಬ್ಬರೋ ಇಬ್ಬರೋ ವೈದ್ಯರು. ಅವರಲ್ಲೂ ಎಷ್ಟೋ ಜನ ಎಬೋಲಾಕ್ಕೇ ಬಲಿಯಾದರು. ಕೈಗವಸು, ಮೈಮುಚ್ಚುವ ಉಡುಪು, ಕ್ಲೋರಿನ್, ಪ್ರಯೋಗಾಲಯದ ಸಾಮಗ್ರಿ, ನರ್ಸ್‌ಗಳು, ರೋಗತಜ್ಞರು ಎಲ್ಲವೂ ಹೊರಗಿನಿಂದಲೇ ಬರಬೇಕು. ಅದೇ ಆಗಸ್ಟ್‌ನಲ್ಲಿ ಬ್ರಿಟಿಷ್ ಏರ್‌ವೇಸ್ ಲೈಬೀರಿಯಾ, ಸಿಯೆರಾ ಲಿಯೋನ್ ಸೇವೆ ನಿಲ್ಲಿಸಿತು. ಕೀನ್ಯಾ ಏರ್‌ವೇಸ್ ನಿಲ್ಲಿಸಿತು, ಏರ್ ಫ್ರಾನ್ಸ್ ಸಿಯೆರಾ ಲಿಯೋನ್ ರಾಜಧಾನಿ ಫ್ರೀಟೌನ್ ಸೇವೆ ನಿಲ್ಲಿಸಿತು, ಎಮಿರೇಟ್ಸ್ ಗಿನಿಯ ರಾಜಧಾನಿ ಕೊನಾಕ್ರಿ ಸೇವೆ ನಿಲ್ಲಿಸಿತು. ಮೂರೂ ರಾಜಧಾನಿಗಳನ್ನು ಜಗತ್ತಿಗೆ ಜೋಡಿಸಿಕೊಂಡು ಉಳಿದವು ಮುಖ್ಯವಾಗಿ ಬ್ರಸೆಲ್ಸ್ ಏರ್‌ಲೈನ್ಸ್ ಮತ್ತು ರಾಯಲ್ ಏರ್ ಮರೋಕ್. ನೆರೆಯ ದೇಶಗಳು ಗಡಿ ಮುಚ್ಚಿದ್ದರಿಂದ ನೆರವಿನ ವಿಮಾನ ಇಳಿದು ಎಣ್ಣೆ ತುಂಬಿಸಿಕೊಳ್ಳಲೂ ಜಾಗಕ್ಕೆ ತತ್ವಾರವಾಗಿತ್ತು. ಘಾನಾ ತನ್ನ ಅಕ್ರಾ ನಿಲ್ದಾಣವನ್ನು ನೆರವಿನ ನೆಲೆಯಾಗಿ ಬಿಟ್ಟುಕೊಟ್ಟ ಮೇಲೆ ತುಸು ಉಸಿರಾಡುವಂತಾಯಿತು. ಸೆಪ್ಟೆಂಬರ್ 18ಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2177ನೇ ನಿರ್ಣಯ ಅಂಗೀಕರಿಸಿತು. ಸಾಮಾನ್ಯವಾಗಿ ಯುದ್ಧದ ಮಾತಾಡುವ ಮಂಡಳಿ ಒಂದು ಕಾಯಿಲೆಯನ್ನು ಶಾಂತಿ, ಭದ್ರತೆಗೆ ಒಡ್ಡಿದ ಬೆದರಿಕೆ ಎಂದು ಕರೆದು, ಪ್ರಯಾಣ ನಿರ್ಬಂಧ ತೆಗೆಯಿರಿ ಎಂದು ದೇಶಗಳನ್ನು ಕೇಳಿಕೊಂಡಿತು. ಕೇಳಿಸಿಕೊಂಡವರು ಕಡಿಮೆ.

ವಿಮಾನ ಕಂಪನಿಗಳ ನಿರ್ಧಾರದ ಬಗ್ಗೆ ಚರ್ಚೆ ಕಡಿಮೆ ನಡೆಯಿತೆಂಬುದು ನನಗೆ ಈಗಲೂ ಆಶ್ಚರ್ಯ. ಸರ್ಕಾರ ವೀಸಾ ನಿಲ್ಲಿಸಿದರೆ ಸಂಸತ್ತಿನಲ್ಲಿ ಪ್ರಶ್ನೆ ಏಳುತ್ತದೆ, ಪತ್ರಿಕೆಗಳಲ್ಲಿ ಸಂಪಾದಕೀಯ ಬರುತ್ತದೆ. ಕಂಪನಿ ವಿಮಾನ ನಿಲ್ಲಿಸಿದರೆ ಒಂದು ಪ್ರಕಟಣೆ, ಅಷ್ಟೇ. ಪರಿಣಾಮ ಮಾತ್ರ ಎರಡಕ್ಕೂ ಒಂದೇ.

ಇನ್ನು ನೈಜೀರಿಯಾದ ಕತೆ. ಪ್ರಯಾಣ ನಿರ್ಬಂಧದ ಬಗ್ಗೆ ಮಾತಾಡುವ ಯಾರೇ ಆದರೂ ಇದನ್ನು ಬಿಟ್ಟು ಮುಂದೆ ಹೋಗಬಾರದು. 2014ರ ಜುಲೈ 20ರಂದು ಲೈಬೀರಿಯಾದಿಂದ ಬಂದ ಒಬ್ಬ ಅಧಿಕಾರಿ ಲಾಗೋಸ್ ವಿಮಾನ ನಿಲ್ದಾಣದಲ್ಲಿ ಕುಸಿದು ಬಿದ್ದರು. ಲಾಗೋಸ್ ಕೋಟಿಗೂ ಮೀರಿದ ಜನರ ನಗರ. ಅಲ್ಲಿ ಎಬೋಲಾ ಹಬ್ಬಿದರೆ ಏನಾದೀತೆಂದು ನೆನೆಸಿಕೊಂಡು ತಜ್ಞರು ನಡುಗಿದ್ದರು. ಆತನನ್ನು ಸೇರಿಸಿಕೊಂಡ ಆಸ್ಪತ್ರೆಯಲ್ಲಿ ಡಾ. ಅಮೆಯೋ ಸ್ಟೆಲ್ಲಾ ಅಡಡೆವೋ ಎಂಬ ಹಿರಿಯ ವೈದ್ಯೆ. ಎಬೋಲಾ ಇರಬಹುದೆಂದು ಅವರಿಗೆ ಅನುಮಾನ ಬಂತು. ಆತ ಒಂದು ಸಮ್ಮೇಳನಕ್ಕೆ ಹೋಗಬೇಕು, ಬಿಟ್ಟುಬಿಡಿ ಎಂದು ಮೇಲಿನಿಂದ ಒತ್ತಡ. ಡಾಕ್ಟರ್ ಬಿಡಲಿಲ್ಲ. ಐದು ದಿನದೊಳಗೆ ರೋಗಿ ತೀರಿಕೊಂಡರು. ಡಾಕ್ಟರಿಗೂ ಸೋಂಕು ತಗುಲಿತ್ತು. ಆಗಸ್ಟ್ 19ಕ್ಕೆ ಅವರೂ ಹೋದರು.

ಆಮೇಲೆ ನೈಜೀರಿಯಾ ಮಾಡಿದ ಕೆಲಸದಲ್ಲಿ ಮಂತ್ರವೂ ಇಲ್ಲ, ಮಾಯವೂ ಇಲ್ಲ. ಪೋಲಿಯೊ ನಿರ್ಮೂಲನೆಗಾಗಿ ಕಟ್ಟಿದ್ದ ತುರ್ತು ಕಾರ್ಯಾಚರಣೆ ವ್ಯವಸ್ಥೆ, ಅದರಲ್ಲಿ ಪಳಗಿದ ಸಿಬ್ಬಂದಿ ಆಗಲೇ ಇದ್ದರು. ಅವರನ್ನೇ ಇತ್ತ ತಿರುಗಿಸಿದರು. ಸೋಂಕಿತರ ಸಂಪರ್ಕಕ್ಕೆ ಬಂದ ಸುಮಾರು 900 ಜನರ ಪಟ್ಟಿ ಮಾಡಿ, ದಿನಾ ಅವರವರ ಮನೆಬಾಗಿಲಿಗೆ ಹೋಗಿ ಜ್ವರ ನೋಡಿದರು. ಇಂಥ ಭೇಟಿಗಳೇ ಸುಮಾರು 18,500 ನಡೆದವು. ಪಟ್ಟಿಯಲ್ಲಿದ್ದ ಒಬ್ಬ ತಪ್ಪಿಸಿಕೊಂಡು ಪೋರ್ಟ್ ಹಾರ್ಕೋರ್ಟ್‌ಗೆ ಹೋಗಿ ಅಲ್ಲಿನ ವೈದ್ಯರೊಬ್ಬರಿಗೆ ಸೋಂಕು ತಗುಲಿಸಿದ. ಆ ವೈದ್ಯರು ಸತ್ತರು. ಅಲ್ಲೂ ಮತ್ತೆ ಪಟ್ಟಿ, ಮತ್ತೆ ಮನೆಬಾಗಿಲು. ಕೊನೆಗೆ ಒಟ್ಟು 20 ಪ್ರಕರಣ, 8 ಸಾವು. ಅಕ್ಟೋಬರ್ 20ಕ್ಕೆ ನೈಜೀರಿಯಾ ಎಬೋಲಾಮುಕ್ತ ಎಂದು ಘೋಷಣೆಯಾಯಿತು. ಅದೇ ವಾರ ಅಮೆರಿಕದಲ್ಲಿ ಪಶ್ಚಿಮ ಆಫ್ರಿಕಾದವರನ್ನೆಲ್ಲ ತಡೆಯಿರಿ ಎಂಬ ಕೂಗು ಮುಗಿಲು ಮುಟ್ಟಿತ್ತು.

ಮಾಲಿಯ ಆಗಿನ ಅಧ್ಯಕ್ಷ ಇಬ್ರಾಹಿಂ ಬೂಬಕರ್ ಕೀಟಾ ಅವರನ್ನೂ ನೆನೆಯಬೇಕು. ಅಕ್ಟೋಬರ್‌ನಲ್ಲಿ ಗಿನಿಯಿಂದ ಬಸ್ಸಿನಲ್ಲಿ ಬಂದ ಎರಡು ವರ್ಷದ ಮಗು ಮಾಲಿಯಲ್ಲಿ ಎಬೋಲಾದಿಂದ ಸತ್ತಿತು. ಗಿನಿಯ ಜೊತೆಗಿನ ಗಡಿ ಮುಚ್ಚುವುದಿಲ್ಲ ಎಂದು ಅವರು ಆಗಲೂ ಹೇಳಿದರು. ಬಳಿಕ ಗಿನಿಯಿಂದಲೇ ಇನ್ನೊಬ್ಬ ರೋಗಿ ರಾಜಧಾನಿ ಬಮಾಕೊಗೆ ಬಂದು ಸೋಂಕು ಇನ್ನಷ್ಟು ಜನರಿಗೆ ಹರಡಿತು. ಒಟ್ಟು 8 ಪ್ರಕರಣಗಳಿಗೆ ಮಾಲಿ ಅದನ್ನು ಕಟ್ಟಿಹಾಕಿತು. ಗಡಿ ತೆರೆದಿಟ್ಟದ್ದಕ್ಕೆ ಮಾಲಿ ಬೆಲೆ ತೆತ್ತಿತು ಎನ್ನುವುದೂ ಸುಳ್ಳಲ್ಲ. ಗಡಿ ಮುಚ್ಚಿದ್ದರೆ ಕಾಡುದಾರಿಯಲ್ಲಿ ಬಂದವರು ಆಸ್ಪತ್ರೆಗೆ ಹೋಗಲು ಹೆದರುತ್ತಿದ್ದರು ಎನ್ನುವುದೂ ಸುಳ್ಳಲ್ಲ.

ಹೀಗೆ ಪುರಾವೆಗಳೆಲ್ಲ ತಜ್ಞರ ಕಡೆಗಿದ್ದವು. ಹಾಗಿದ್ದೂ ಜನ ಯಾಕೆ ನಂಬಲಿಲ್ಲ?

ಜನ ಅಜ್ಞಾನಿಗಳು ಎಂಬ ಸಿದ್ಧ ಉತ್ತರವನ್ನು ನಾನು ಒಪ್ಪುವುದಿಲ್ಲ. ಆ ಅಕ್ಟೋಬರ್‌ನ ಕ್ಯಾಲೆಂಡರ್ ನೋಡಿ. ರೋಗಿ ಪತ್ತೆಯಾದಾಗ ಅಧಿಕಾರಿಗಳು ಎದೆ ತಟ್ಟಿ ಹೇಳಿದ್ದೇನು? ಅಮೆರಿಕದ ಬಹುತೇಕ ಯಾವುದೇ ಆಸ್ಪತ್ರೆ ಎಬೋಲಾ ರೋಗಿಯನ್ನು ನಿಭಾಯಿಸಬಲ್ಲದು, ಇಲ್ಲೇ ಇದನ್ನು ತಡೆದು ನಿಲ್ಲಿಸುತ್ತೇವೆ ಎಂದು. ಅಕ್ಟೋಬರ್ 12ಕ್ಕೆ, ಅದೇ ರೋಗಿಯನ್ನು ನೋಡಿಕೊಂಡಿದ್ದ ನರ್ಸ್ ಒಬ್ಬರಿಗೆ ಸೋಂಕು. 15ಕ್ಕೆ ಇನ್ನೊಬ್ಬ ನರ್ಸ್‌ಗೆ. ಈ ಎರಡನೆಯವರು ಎರಡು ದಿನ ಮೊದಲು ಕ್ಲೀವ್‌ಲ್ಯಾಂಡ್‌ನಿಂದ ಡಲ್ಲಾಸ್‌ಗೆ ಸಾಮಾನ್ಯ ವಿಮಾನದಲ್ಲಿ ಬಂದಿದ್ದರು. ಹತ್ತುವ ಮುಂಚೆ, ಮೈ ಸ್ವಲ್ಪ ಬಿಸಿಯಿದೆ, ಬರಬಹುದೇ ಎಂದು ರೋಗ ನಿಯಂತ್ರಣ ಕೇಂದ್ರಕ್ಕೆ ಫೋನ್ ಮಾಡಿ ಕೇಳಿದ್ದರು. ಅವರ ತಾಪ 99.5 ಡಿಗ್ರಿ ಫ್ಯಾರನ್‌ಹೀಟ್, ನಿಯಮದ ಮಿತಿ 100.4. ಹಾಗಾಗಿ ಬೇಡ ಎನ್ನಲಿಲ್ಲ. ಕಾಯಿಲೆ ನಮ್ಮ ಹತೋಟಿಯಲ್ಲಿದೆ, ನಿರ್ಬಂಧ ಬೇಡ ಎಂದು ವಾದಿಸುತ್ತಿದ್ದ ಸಂಸ್ಥೆಯೇ, ಸೋಂಕಿತ ನರ್ಸನ್ನು ವಿಮಾನ ಹತ್ತಲು ಬಿಟ್ಟಿತ್ತು. ಮರುದಿನವೇ ಸಂಸತ್ ಸಮಿತಿಯ ವಿಚಾರಣೆ. ಅಲ್ಲಿ ಫ್ರೀಡನ್ ಅವರ ತರ್ಕ ಎಷ್ಟೇ ಗಟ್ಟಿಯಾಗಿರಲಿ, ಕೇಳುವ ಕಿವಿಗಳು ಮುಚ್ಚಿಹೋಗಿದ್ದವು.

ಆ ವಿಮಾನದಲ್ಲಿದ್ದ ಯಾರಿಗೂ ಸೋಂಕು ತಗುಲಲಿಲ್ಲ. ಇಬ್ಬರೂ ನರ್ಸ್‌ಗಳು ಗುಣವಾದರು. ಅಮೆರಿಕದಲ್ಲಿ ಚಿಕಿತ್ಸೆ ಪಡೆದದ್ದು ಒಟ್ಟು 11 ಜನ, ಸತ್ತವರು ಇಬ್ಬರು. ವಿಜ್ಞಾನ ಹೇಳಿದಂತೆಯೇ ಆಯಿತು. ಆದರೆ ವಿಜ್ಞಾನ ಸರಿ ಎಂದು ಸಾಬೀತಾಗುವುದಕ್ಕೂ ಅಧಿಕಾರಿ ನಂಬಿಕೆಗೆ ಅರ್ಹ ಎಂದು ಸಾಬೀತಾಗುವುದಕ್ಕೂ ವ್ಯತ್ಯಾಸವಿದೆ. ಆಸ್ಪತ್ರೆಗಳು ಸಿದ್ಧವಾಗಿಲ್ಲ, ನರ್ಸ್‌ಗಳಿಗೆ ಇನ್ನೂ ಒಳ್ಳೆಯ ರಕ್ಷಣಾ ಉಡುಪು, ತರಬೇತಿ ಬೇಕು ಎಂದು ಮೊದಲ ದಿನವೇ ಹೇಳಿದ್ದರೆ ಏನಾಗುತ್ತಿತ್ತು? ಆ ನಿಯಮ ಬಿಗಿಯಾದದ್ದು ಅಕ್ಟೋಬರ್ 20ಕ್ಕೆ, ಇಬ್ಬರಿಗೆ ಸೋಂಕಾದ ಮೇಲೆ.

ಸರ್ಕಾರ ಕೊನೆಗೆ ಹಿಡಿದ ದಾರಿ ನಡುವಿನದು. ಆ ಮೂರು ದೇಶಗಳಿಂದ ಬರುವವರೆಲ್ಲ ನ್ಯೂಯಾರ್ಕ್, ನ್ಯೂವಾರ್ಕ್, ವಾಷಿಂಗ್ಟನ್, ಶಿಕಾಗೊ, ಅಟ್ಲಾಂಟಾ ಈ ಐದು ನಿಲ್ದಾಣಗಳಲ್ಲೇ ಇಳಿಯಬೇಕು. ಇಳಿದವರ ಕೈಗೆ ಥರ್ಮಾಮೀಟರ್, ಫೋನ್ ಕೊಟ್ಟು 21 ದಿನ ದಿನಾ ಆರೋಗ್ಯ ಇಲಾಖೆಗೆ ವರದಿ ಮಾಡಿ ಎಂದರು. ಮೊದಲ ನಾಲ್ಕು ತಿಂಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ಗಮನಿಸಿದರು, ಬಹುತೇಕ ಎಲ್ಲರೂ ಕೊನೆಯ ದಿನದವರೆಗೂ ಸಹಕರಿಸಿದರು. ಇದೂ ಒಂದು ಪ್ರಯಾಣ ನಿರ್ಬಂಧವೇ ತಾನೇ? ಹೌದು. ‘ನಿರ್ಬಂಧ ಬೇಕೋ ಬೇಡವೋ’ ಎಂದು ಟಿವಿಯಲ್ಲಿ ಕಿರುಚಾಡುತ್ತಿದ್ದವರಿಬ್ಬರ ನಡುವೆ ಅಧಿಕಾರಿಗಳು ಮೂರನೆಯದೊಂದನ್ನು ಸದ್ದಿಲ್ಲದೆ ಕಟ್ಟಿದ್ದರು.

ಈಗ ನಾನು ಮೊದಲೇ ಹೇಳಿದ ದೊಡ್ಡ ಮಾತಿಗೆ ಬರುತ್ತೇನೆ. 2014ರ ವಾದದಲ್ಲಿ ‘ಎಬೋಲಾದ ಮಟ್ಟಿಗೆ, ಈ ಮೂರು ದೇಶಗಳ ಮಟ್ಟಿಗೆ, ಈಗ ನಿರ್ಬಂಧ ಲಾಭಕ್ಕಿಂತ ನಷ್ಟವೇ ಹೆಚ್ಚು’ ಎಂದಿದ್ದರೆ ಸಾಕಿತ್ತು. ಅದು ನಿಧಾನವಾಗಿ ‘ಪ್ರಯಾಣ ನಿರ್ಬಂಧ ಯಾವ ಕಾಯಿಲೆಗೂ ಕೆಲಸ ಮಾಡುವುದಿಲ್ಲ’ ಎಂಬ ಸೂತ್ರವಾಯಿತು. ಇದು ತಪ್ಪು. ತಪ್ಪು ಎನ್ನುವುದಕ್ಕೆ ಇತಿಹಾಸದಲ್ಲೇ ಸಾಕ್ಷಿಯಿತ್ತು.

1918ರ ನವೆಂಬರ್‌ನಲ್ಲಿ ‘ತಾಲೂನ್’ ಎಂಬ ಹಡಗು ಆಕ್ಲೆಂಡ್‌ನಿಂದ ಪಶ್ಚಿಮ ಸಮೋವಾದ ಆಪಿಯಾಕ್ಕೆ ಬಂತು. ಹಡಗಿನಲ್ಲಿ ಇನ್‌ಫ್ಲುಯೆಂಜಾ ರೋಗಿಗಳಿದ್ದರು. ದ್ವೀಪವನ್ನಾಳುತ್ತಿದ್ದ ನ್ಯೂಜಿಲೆಂಡ್ ಆಡಳಿತ ತಡೆಯದೆ ಇಳಿಸಿಕೊಂಡಿತು. ಕೆಲವೇ ವಾರಗಳಲ್ಲಿ ಸುಮಾರು 8,500 ಜನ ಸತ್ತರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಪಕ್ಕದಲ್ಲೇ ಅಮೆರಿಕನ್ ಸಮೋವಾ. ಅಲ್ಲಿನ ಗವರ್ನರ್ ಜಾನ್ ಮಾರ್ಟಿನ್ ಪೋಯರ್ ಹಡಗುಗಳನ್ನು ಕಟ್ಟುನಿಟ್ಟಾಗಿ ತಡೆದರು. ಆ ಜ್ವರದಿಂದ ಅಲ್ಲಿ ಒಬ್ಬರೂ ಸಾಯಲಿಲ್ಲ. ಒಂದೇ ಜನಾಂಗ, ಒಂದೇ ಸಮುದ್ರ, ಒಂದೇ ತಿಂಗಳು. 2002ರಲ್ಲಿ ನ್ಯೂಜಿಲೆಂಡ್ ಪ್ರಧಾನಿ ಹೆಲೆನ್ ಕ್ಲಾರ್ಕ್ ಸಮೋವಾಕ್ಕೆ ಹೋಗಿ ಕ್ಷಮೆ ಕೇಳಿದರು.

ಕೋವಿಡ್ ಬಂದಾಗ ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿ 30ಕ್ಕೆ ತುರ್ತುಸ್ಥಿತಿ ಘೋಷಿಸುತ್ತ ಹಳೆಯ ಸಲಹೆಯನ್ನೇ ಕೊಟ್ಟಿತು: ಪ್ರಯಾಣ ನಿರ್ಬಂಧ ಬೇಡ. ಆದರೆ ಇದು ಎಬೋಲಾ ಅಲ್ಲ. ಲಕ್ಷಣ ಕಾಣುವ ಮೊದಲೇ ಗಾಳಿಯಲ್ಲಿ ಹರಡುವ ಸೋಂಕು. ಥರ್ಮಾಮೀಟರ್‌ಗೂ ಸಿಗದು, ಸಂಪರ್ಕಿತರ ಪಟ್ಟಿಗೂ ಸುಲಭವಾಗಿ ಸಿಗದು. ಮಾರ್ಚ್ 19ಕ್ಕೆ ನ್ಯೂಜಿಲೆಂಡ್ ಹೊರಗಿನವರಿಗೆ ಗಡಿ ಮುಚ್ಚಿತು, ಒಳಗೆ ಕಠಿಣ ಲಾಕ್‌ಡೌನ್ ಮಾಡಿತು, ಮರಳಿದ ನಾಗರಿಕರನ್ನು ಹೋಟೆಲುಗಳಲ್ಲಿ ಕ್ವಾರಂಟೈನ್ ಮಾಡಿತು. ಮೊದಲ ವರ್ಷ ಅಲ್ಲಿ ಕೋವಿಡ್‌ನಿಂದ ಸತ್ತವರು 30ಕ್ಕಿಂತ ಕಡಿಮೆ. ಅಮೆರಿಕವೂ ಚೀನಾದ ಮೇಲೆ ಫೆಬ್ರವರಿಯ ಆರಂಭದಲ್ಲೇ ನಿರ್ಬಂಧ ಹಾಕಿತ್ತು, ನ್ಯೂಜಿಲೆಂಡ್‌ಗಿಂತ ಆರು ವಾರ ಮೊದಲು! ಆದರೆ ತನ್ನ ನಾಗರಿಕರಿಗೆ ವಿನಾಯಿತಿ ಕೊಟ್ಟಿತು. ಪರೀಕ್ಷೆಯ ಕಿಟ್ ಕೆಟ್ಟು ಕೂತಿತು. ಅಷ್ಟರಲ್ಲಿ ಸೋಂಕು ಯುರೋಪಿನಿಂದ ನ್ಯೂಯಾರ್ಕ್‌ಗೆ ಬಂದು ಊರೆಲ್ಲ ಹಬ್ಬಿತ್ತು.

ಗಡಿ ಮುಚ್ಚಿದರೆ ಸಿಗುವುದು ಸಮಯ. 2014ರ ಒಂದು ಗಣಿತ ಮಾದರಿಯ ಪ್ರಕಾರ ಪೀಡಿತ ದೇಶಗಳ ಪ್ರಯಾಣವನ್ನು ಶೇಕಡ 80ರಷ್ಟು ಕಡಿತ ಮಾಡಿದರೂ ಎಬೋಲಾ ಬೇರೆ ದೇಶಗಳಿಗೆ ಹೋಗುವುದು ಮೂರು-ನಾಲ್ಕು ವಾರ ತಡವಾಗುತ್ತಿತ್ತು, ಅಷ್ಟೇ. ಯಾಕೆಂದು ಲೆಕ್ಕ ಹಾಕಿ ನೋಡಿ: ಹತ್ತರಲ್ಲಿ ಎಂಟು ಜನರನ್ನು ತಡೆದಿರಿ ಎಂದಿಟ್ಟುಕೊಳ್ಳಿ. ಮೂಲದಲ್ಲಿ ಕಾಯಿಲೆ ಐದು ಪಟ್ಟು ಬೆಳೆದ ದಿನ, ನಿಮ್ಮ ಜಾಲದಿಂದ ನುಸುಳಿ ಬರುವ ಸೋಂಕಿತರ ಸಂಖ್ಯೆ ಇವತ್ತಿನಷ್ಟೇ ಆಗುತ್ತದೆ. ತೂತಾದ ದೋಣಿಯಿಂದ ನೀರು ಮೊಗೆದು ಚೆಲ್ಲಿದ ಹಾಗೆ. ತೂತು ಮುಚ್ಚಲು ಒಬ್ಬ ಕೂತಿದ್ದರೆ ಮೊಗೆಯುವುದಕ್ಕೆ ಅರ್ಥವಿದೆ. ನ್ಯೂಜಿಲೆಂಡ್ ಆ ಸಮಯದಲ್ಲಿ ಒಳಗಿನ ಸೋಂಕನ್ನು ಅಳಿಸಿತು, ಲಸಿಕೆ ಬರುವವರೆಗೆ ಕಾಯಿತು. ಎಬೋಲಾದಲ್ಲಿ ತೂತು ಇದ್ದದ್ದು ಮೊನ್ರೋವಿಯಾ, ಫ್ರೀಟೌನ್, ಕೊನಾಕ್ರಿಗಳಲ್ಲಿ. ಅದನ್ನು ಮುಚ್ಚಲು ಹೋಗಬೇಕಾದವರು ಇದೇ ವಿಮಾನಗಳಲ್ಲೇ ಹೋಗಬೇಕಿತ್ತು.

ಇನ್ನೊಂದು ವಿಷಯವಿದೆ, ಟಿವಿ ಚರ್ಚೆಗಳಲ್ಲಿ ಅದು ಬರುವುದೇ ಇಲ್ಲ. ಕಾಯಿಲೆ ಇದೆಯೆಂದು ಪ್ರಾಮಾಣಿಕವಾಗಿ ಹೇಳಿದ ದೇಶಕ್ಕೆ ಸಿಗುವ ಬಹುಮಾನವೇನು? 1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಪ್ಲೇಗ್ ಸುದ್ದಿ ಹೊರಬಿದ್ದಾಗ ಭಾರತ ಆ ಬಹುಮಾನ ಪಡೆದಿದೆ. ಸತ್ತವರು ಐವತ್ತರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆ ನಿರ್ಬಂಧ ಬೇಡ ಎಂದರೂ ಹಲವು ದೇಶಗಳು, ವಿಶೇಷವಾಗಿ ಕೊಲ್ಲಿಯ ದೇಶಗಳು, ವಿಮಾನ ನಿಲ್ಲಿಸಿದವು, ಸರಕು ತಿರಸ್ಕರಿಸಿದವು. ನಷ್ಟವನ್ನು ಸುಮಾರು 200 ಕೋಟಿ ಡಾಲರ್ ಎಂದು ಅಂದಾಜಿಸಲಾಗಿದೆ. 2021ರ ನವೆಂಬರ್ 24ಕ್ಕೆ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಒಮಿಕ್ರಾನ್ ತಳಿಯನ್ನು ವರದಿ ಮಾಡಿದರು. ಎರಡೇ ದಿನದಲ್ಲಿ ಸಾಲುಸಾಲಾಗಿ ದೇಶಗಳು ದಕ್ಷಿಣ ಆಫ್ರಿಕಾದ ವಿಮಾನ ತಡೆದವು. ನೆದರ್ಲೆಂಡ್ಸ್ ತನ್ನ ಹಳೆಯ ಮಾದರಿಗಳನ್ನು ತೆಗೆದು ನೋಡಿದರೆ ನವೆಂಬರ್ 19ರ ಮಾದರಿಯಲ್ಲೇ ಒಮಿಕ್ರಾನ್ ಇತ್ತು. ಅಂದರೆ ಬಾಗಿಲು ಹಾಕುವ ಮೊದಲೇ ಅತಿಥಿ ಒಳಗಿದ್ದ, ಶಿಕ್ಷೆ ಮಾತ್ರ ಸುದ್ದಿ ಹೇಳಿದವನಿಗೆ. ಮುಂದಿನ ಸಲ ಇನ್ನೊಂದು ದೇಶದ ಆರೋಗ್ಯ ಸಚಿವ ಇಂಥದ್ದೇ ಪ್ರಯೋಗಾಲಯ ವರದಿ ಕೈಯಲ್ಲಿ ಹಿಡಿದು ಕೂತಾಗ, ಪಕ್ಕದಲ್ಲಿ ಹಣಕಾಸು ಸಚಿವರೂ ಇರುತ್ತಾರೆ.

ಇದನ್ನು ತಪ್ಪಿಸಲೆಂದೇ ನಿಯಮವಿದೆ. 2005ರಲ್ಲಿ ಪರಿಷ್ಕರಿಸಿದ, 2007ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ 43ನೇ ವಿಧಿ. ಸಲಹೆ ಮೀರಿ ಪ್ರಯಾಣಕ್ಕೆ ದೊಡ್ಡ ಅಡ್ಡಿ ಮಾಡುವ ದೇಶ ಅದಕ್ಕೆ ವೈಜ್ಞಾನಿಕ ಕಾರಣವನ್ನು 48 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ತಿಳಿಸದಿದ್ದರೆ? ಏನೂ ಇಲ್ಲ. ದಂಡವಿಲ್ಲ, ಪರಿಹಾರ ನಿಧಿಯಿಲ್ಲ. ಹಡಗುಗಳ ಕ್ವಾರಂಟೈನ್ ನಿಯಮ ಒಂದೇ ತೆರನಾಗಿರಲಿ ಎಂದು ದೇಶಗಳು ಪ್ಯಾರಿಸ್‌ನಲ್ಲಿ ಮೊದಲು ಸೇರಿದ್ದು 1851ರಲ್ಲಿ. ಕಾಲರಾ ಭಯ ಒಂದು ಕಡೆ, ವ್ಯಾಪಾರ ನಿಂತುಹೋಗುವ ಭಯ ಇನ್ನೊಂದು ಕಡೆ. ಆ ಜಗ್ಗಾಟ ಇನ್ನೂ ಮುಗಿದಿಲ್ಲ.

ಸಭಿಕರ ಪ್ರಶ್ನೆ: ಆಫ್ರಿಕಾದಲ್ಲಿ ಸೇವೆ ಮಾಡಿ ಮರಳಿದ ವೈದ್ಯರು, ನರ್ಸ್‌ಗಳನ್ನು 21 ದಿನ ಮನೆಯಲ್ಲಿರಿಸಿದರೆ ತಪ್ಪೇನು?

ಅದೇ ಅಕ್ಟೋಬರ್ 23ಕ್ಕೆ ಗಿನಿಯಿಂದ ಮರಳಿದ್ದ ವೈದ್ಯರೊಬ್ಬರಿಗೆ ನ್ಯೂಯಾರ್ಕ್‌ನಲ್ಲಿ ಎಬೋಲಾ ಖಚಿತವಾಯಿತು. ಮರುದಿನವೇ ಗವರ್ನರ್‌ಗಳಾದ ಆಂಡ್ರ್ಯೂ ಕುವೊಮೊ, ಕ್ರಿಸ್ ಕ್ರಿಸ್ಟಿ ಇಂಥವರಿಗೆ 21 ದಿನಗಳ ಕಡ್ಡಾಯ ಕ್ವಾರಂಟೈನ್ ಎಂದರು. ಅದೇ ದಿನ ಸಿಯೆರಾ ಲಿಯೋನ್‌ನಿಂದ ನ್ಯೂವಾರ್ಕ್‌ನಲ್ಲಿಳಿದ ನರ್ಸ್ ಒಬ್ಬರನ್ನು ಆಸ್ಪತ್ರೆಯ ಆವರಣದ ಡೇರೆಯಲ್ಲಿಟ್ಟರು. ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂತು. ಆಕೆ ವಾಸವಿದ್ದ ಮೇನ್ ರಾಜ್ಯ ಕೂಡ ಮನೆಯಲ್ಲೇ ಇರಿಸಲು ಕೋರ್ಟಿಗೆ ಹೋಯಿತು. ನ್ಯಾಯಾಧೀಶರು ಒಪ್ಪಲಿಲ್ಲ, ಆರೋಗ್ಯ ಇಲಾಖೆಯ ನಿಗಾದಲ್ಲಿರಿ, ಪ್ರಯಾಣ ಮಾಡುವುದಿದ್ದರೆ ಇಲಾಖೆಗೆ ತಿಳಿಸಿ, ಸಾಕು ಎಂದರು. ಜೊತೆಗೆ, ಜನರ ಭಯ ಪೂರ್ತಿ ತರ್ಕಬದ್ಧವಲ್ಲದಿದ್ದರೂ ಅದು ಇದೆ ಎಂಬುದು ನಿಜ, ಅದನ್ನು ಗಮನದಲ್ಲಿಟ್ಟು ನಡೆದುಕೊಳ್ಳಿ ಎಂದೂ ಹೇಳಿದರು. ಇಡೀ ಚರ್ಚೆಯಲ್ಲಿ ಎರಡೂ ಕಡೆಯವರನ್ನು ಮನುಷ್ಯರಂತೆ ಕಂಡ ಮಾತು ಅದೊಂದೇ ಅನ್ನಿಸುತ್ತದೆ ನನಗೆ. ತಪ್ಪೇನು ಅಂದಿರಿ. ಒಂದು ತಿಂಗಳು ರಜೆ ಹಾಕಿ ಸೇವೆಗೆ ಹೋಗುವ ವೈದ್ಯರಿಗೆ ಮರಳಿದ ಮೇಲೆ ಮತ್ತೆ ಮೂರು ವಾರ ಸಂಬಳ ಯಾರು ಕೊಡುತ್ತಾರೆ? ಅದನ್ನು ಮೊದಲೇ ಹೇಳಿ, ಕೊಟ್ಟು, ಮನೆಯಲ್ಲಿರಿ ಎಂದಿದ್ದರೆ ಬಹುಶಃ ಜಗಳವೇ ಇರುತ್ತಿರಲಿಲ್ಲ.

ಪ್ರಶ್ನೆ: ಆಮೇಲೆ ಬಂದ ಎಬೋಲಾದಲ್ಲಿ ಜಗತ್ತು ಇದರಿಂದ ಏನಾದರೂ ಕಲಿಯಿತೇ?

ಸ್ವಲ್ಪ ಕಲಿಯಿತು. 2018ರಿಂದ 2020ರವರೆಗೆ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವಭಾಗದಲ್ಲಿ ಎರಡನೆಯ ಅತಿ ದೊಡ್ಡ ಎಬೋಲಾ ಪಿಡುಗು ಬಂತು. 2,200ಕ್ಕೂ ಹೆಚ್ಚು ಜನ ಸತ್ತರು. ಪಕ್ಕದಲ್ಲೇ ಉಗಾಂಡಾ. ದಿನಾ ಸಾವಿರಾರು ಜನ ಸಂತೆಗೆ, ಹೊಲಕ್ಕೆ, ನೆಂಟರ ಮನೆಗೆ ಗಡಿ ದಾಟುತ್ತಾರೆ. ಉಗಾಂಡಾ ಗಡಿ ಮುಚ್ಚಲಿಲ್ಲ. ಅಧಿಕೃತ ದಾರಿಗಳಲ್ಲಿ ತಪಾಸಣೆ ಇಟ್ಟಿತು, ಗಡಿ ಜಿಲ್ಲೆಗಳ ಸುಮಾರು 4,700 ಆರೋಗ್ಯ ಸಿಬ್ಬಂದಿಗೆ ರೋಗಿ ಬರುವ ಮೊದಲೇ ಲಸಿಕೆ ಹಾಕಿತು. 2019ರ ಜೂನ್‌ನಲ್ಲಿ ಒಂದು ಕುಟುಂಬ ತಪಾಸಣಾ ಠಾಣೆ ತಪ್ಪಿಸಿ ಕಾಲುದಾರಿಯಲ್ಲಿ ಉಗಾಂಡಾಕ್ಕೆ ಬಂತು. ಐದು ವರ್ಷದ ಹುಡುಗನನ್ನು ಕಸೇಸೆ ಜಿಲ್ಲೆಯ ಆಸ್ಪತ್ರೆಗೆ ಕರೆತಂದರು. ಎಬೋಲಾ ಇರಬಹುದೆಂದು ಅಲ್ಲಿನ ಸಿಬ್ಬಂದಿ ಗುರುತಿಸಿದರು. ಹುಡುಗನೂ ಅವನ ತಮ್ಮನೂ ಅಜ್ಜಿಯೂ ಉಳಿಯಲಿಲ್ಲ. ಉಗಾಂಡಾದ ಒಳಗೆ ಅವರಿಂದ ಬೇರೊಬ್ಬರಿಗೆ ಸೋಂಕು ಹರಡಲಿಲ್ಲ.